ಗಿಟಾರಪ್ಪನ ಪೆಟ್ಟಿಗೆಯ ತೇವಾಂಶ

ಗಿಟಾರ್ ಬಾರಿಸಲು ಬರುತ್ತಿರಲಿಲ್ಲ ಎಂಬ ಒಂದು ಸಣ್ಣ ಕೊರತೆಯನ್ನು ಬಿಟ್ಟರೆ, ದೊಡ್ಡ ಗಿಟಾರ್ ವಾದಕನಿಗೆ ಇರಬೇಕಾದ ಲಕ್ಷಣಗಳೆಲ್ಲ ಗಿಟಾರಪ್ಪನಲ್ಲಿದ್ದವು. ಬಲಗೈಯ ಉಗುರುಗಳನ್ನು ಉದ್ದ ಬಿಟ್ಟಿದ್ದ. ಯಾರಾದರೂ ಹಾಡಿದರೆ ಕಣ್ಣು ಮುಚ್ಚಿ, ಎಲ್ಲೋ ಸ್ವಲ್ಪ ನೋಯುತ್ತಿರುವವನ ಹಾಗೆ ಮುಖ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ, ಬಂದವರ ಕಣ್ಣಿಗೆ ಬಿದ್ದೇ ಬೀಳುವ ಮೂಲೆಯಲ್ಲಿ, ಕಪ್ಪು ಬಣ್ಣದ ಗಟ್ಟಿ ಪೆಟ್ಟಿಗೆಯೊಂದನ್ನು ನಿಲ್ಲಿಸಿದ್ದ. ಅದರೊಳಗೆ ನಿಜವಾದ ಗಿಟಾರೇ ಇತ್ತು. ಇಷ್ಟೆಲ್ಲ ಇದ್ದ ಮೇಲೆ ಬಾರಿಸುವುದೊಂದು ಯಾವ ಮಹಾ ವಿಷಯ ಎಂದು ನೀವು ಕೇಳಬಹುದು. ಗಿಟಾರಪ್ಪನೂ ಅದನ್ನೇ ತನ್ನೊಳಗೆ ಕೇಳಿಕೊಳ್ಳುತ್ತಿದ್ದ.

ಅವನು ಅಳತೆ-ತೂಕದ ಇಲಾಖೆಯಲ್ಲಿ ಗುಮಾಸ್ತ. ಅಂಗಡಿಗಳ ತಕ್ಕಡಿ, ತೂಕದ ಬಟ್ಟು, ಲೀಟರ್ ಪಾತ್ರೆ, ಪೆಟ್ರೋಲ್ ಬಂಕಿನ ಮೀಟರು ಎಲ್ಲವನ್ನೂ ಪರೀಕ್ಷಿಸಿ, ತಂತಿ ಪೋಣಿಸಿ, ತಂತಿಗೆ ಸೀಸದ ಗುಂಡು ಕೂರಿಸಿ, ಇಕ್ಕಳದಲ್ಲಿ ಒತ್ತಿ ಸೀಲು ಹಾಕುವ ಇಲಾಖೆ ಅದು. ನೌಕರರಿಗೆಲ್ಲ ಒಂದೇ ಕಡೆ ಕ್ವಾರ್ಟರ್ಸ್ ಕೊಟ್ಟಿದ್ದರು. ಹೀಗಾಗಿ ಹಗಲೆಲ್ಲ ಊರಿನ ತಕ್ಕಡಿಗಳಲ್ಲಿ ತಪ್ಪು ಹುಡುಕುತ್ತಿದ್ದವರು, ಸಂಜೆಯಾದರೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಮೂಗು ತೂರಿಸಿ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತಿದ್ದರು.

ಸುಳ್ಳು ಹುಟ್ಟಿದ್ದು ಮದುವೆಯ ಮಾತುಕತೆಯ ದಿನ. ಹುಡುಗಿಯ ತಂದೆ, "ತೂಕ ಹಾಕೋದು ಬಿಟ್ಟು ಬೇರೆ ಏನಾದ್ರೂ ಬರತ್ತಾ?" ಎಂದು ಕೇಳಿದ್ದರು. ಪಕ್ಕದ ಕೋಣೆಯಲ್ಲಿ ಹುಡುಗಿ ಯಾವುದೋ ಧಾಟಿಯನ್ನು ಗುನುಗುತ್ತಿದ್ದಳು. "ಗಿಟಾರ್ ಬಾರಿಸ್ತೀನಿ" ಎಂದುಬಿಟ್ಟ. ಯಾಕೆ ಹಾಗಂದ ಎಂದು ಅವನಿಗೂ ಗೊತ್ತಿಲ್ಲ. ಗುನುಗುವುದು ನಿಂತಿತು. ಬಾಗಿಲ ಸಂದಿಯಲ್ಲಿ ಒಂದು ಮುಖ ಕಾಣಿಸಿತು. ಆ ಮುಖದ ಮುಂದೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಬಲ್ಲ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಮದುವೆಯಾದ ಮೇಲೆ ಗಿಟಾರ್ ಒಂದನ್ನು ಕೊಂಡ. ಮೆಲ್ಲಗೆ ಕಲಿತರಾಯಿತು ಎಂದುಕೊಂಡಿದ್ದ. ಆದರೆ ಅಂಗಡಿಯವನು ಪೆಟ್ಟಿಗೆ ಮುಚ್ಚುತ್ತಾ, "ಚಳಿಗಾಲದಲ್ಲಿ ಹುಷಾರು ಸಾರ್. ಮನೇಲಿ ಹೀಟರ್ ಹಾಕಿದ್ರೆ ಗಾಳಿ ಒಣಗತ್ತೆ, ಗಾಳಿ ಒಣಗಿದ್ರೆ ಮರ ಬಿರುಕು ಬಿಡತ್ತೆ. ಪೆಟ್ಟಿಗೆ ಒಳಗೆ ಒದ್ದೆ ಸ್ಪಂಜ್ ಇಟ್ಟು ಮುಚ್ಚಿಟ್ಬಿಡಿ. ತೇವಾಂಶ ನೂರಕ್ಕೆ ನಲವತ್ತೈದರ ಆಸುಪಾಸು ಇರ್ಲಿ" ಎಂದ. ಅವನು ಹೇಳಿದ್ದು ಅಕ್ಷರಶಃ ಸರಿ. ಆದರೆ ಅಷ್ಟು ಮಾತಿನಲ್ಲಿ ಗಿಟಾರಪ್ಪನ ಕಿವಿಗೆ ಬಿದ್ದದ್ದು ಒಂದೇ ಪದ: ಮುಚ್ಚಿಟ್ಬಿಡಿ.

ಅಲ್ಲಿಂದ ಮುಂದೆ ಕಾಲಗಳೆಲ್ಲ ಅವನ ಬೆನ್ನಿಗೆ ನಿಂತವು. ಚಳಿಗಾಲದಲ್ಲಿ ಮರ ಒಣಗುತ್ತಿತ್ತು, ಮಳೆಗಾಲದಲ್ಲಿ ಊದುತ್ತಿತ್ತು, ಬೇಸಿಗೆಯಲ್ಲಿ ಅಂಟು ಸಡಿಲವಾಗುತ್ತಿತ್ತು. ಒಂದು ಕಾಲಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕು ದಿನ ಹವೆ ಹದವಾಗಿರುತ್ತದಲ್ಲ, ಆಗ ಗಿಟಾರಪ್ಪನಿಗೆ ಬೆರಳು ಉಳುಕುತ್ತಿತ್ತು. ವರ್ಷಗಳು ಉರುಳಿದವು. ಅವನಿಗೆ ಗಿಟಾರಪ್ಪ ಎಂಬ ಹೆಸರೂ ಅಂಟಿಕೊಂಡಿತು. ಅವನು ಬಾರಿಸಿದ್ದನ್ನು ಯಾರೂ ಕೇಳಿರಲಿಲ್ಲ, ಆದ್ದರಿಂದ ಚೆನ್ನಾಗಿಲ್ಲ ಎನ್ನಲು ಯಾರ ಬಳಿಯೂ ಆಧಾರವಿರಲಿಲ್ಲ.

ಅವನ ಪರವಾಗಿ ವಾದಿಸುವುದರಲ್ಲಿ ಹೆಂಡತಿಯದು ಎತ್ತಿದ ಕೈ. ಯಾರಾದರೂ "ಒಂದ್ಸಲ ಬಾರಿಸಿ" ಎಂದರೆ ಸಾಕು, ಗಂಡ ಬಾಯಿ ತೆರೆಯುವ ಮೊದಲೇ ಅವಳು ಅಡ್ಡ ಬರುತ್ತಿದ್ದಳು. "ಈ ಹವೇಲಾ? ನಿಮಗೇನು, ಕೇಳಿ ಎದ್ದು ಹೋಗ್ತೀರಿ. ಬಿರುಕು ಬಿಟ್ರೆ ಸಂಕಟ ಪಡೋರು ಇವರು!" ಅವಳು ಮನಸಾರೆ ನಂಬಿದ್ದಳು. ಗಿಟಾರಪ್ಪನಿಗೆ ಮೇಲಧಿಕಾರಿಯ ಹೆದರಿಕೆ ಇರಲಿಲ್ಲ, ವರ್ಗಾವಣೆಯ ಹೆದರಿಕೆ ಇರಲಿಲ್ಲ. ನಿಜ ಗೊತ್ತಾದ ದಿನ ಅವಳ ಮುಖ ಹೇಗಾಗಬಹುದು ಎಂಬ ಒಂದೇ ಹೆದರಿಕೆ ಇತ್ತು.

ಈ ಚಳಿಗಾಲ ಕಾಲಿಡುತ್ತಿದ್ದ ಹಾಗೆ ಮಾವನ ಫೋನು ಬಂತು. ಅವರಿಗೆ ಕಿವಿ ಮಂದವಾಗುತ್ತಾ ಬಂದಿತ್ತು. ತಮಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸಲಾರದು ಎಂಬ ಕಳಕಳಿಯಿಂದ ಅವರು ಕೂಗಿಯೇ ಮಾತಾಡುತ್ತಿದ್ದರು.

"ಅಳಿಯಂದಿರೇ! ಇರೋ ಕಿವಿ ಈ ವರ್ಷ ಇರತ್ತೆ, ಮುಂದಿನ ವರ್ಷ ಗ್ಯಾರಂಟಿ ಇಲ್ಲ ಅಂದ್ರು ಡಾಕ್ಟರು. ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸ್ಬಿಡಿ ಅಂತಾನೂ ಅಂದ್ರು. ನಾನು ಕೇಳದೆ ಉಳಿದಿರೋದು ಒಂದೇ, ನಿಮ್ಮ ಗಿಟಾರು. ಬರೋ ತಿಂಗಳ ಕೊನೇ ಭಾನುವಾರ ಬರ್ತೀನಿ!"

"ಮಾವ, ಈ ಹವೇಲಿ..." ಎಂದು ಗಿಟಾರಪ್ಪ ಶುರು ಮಾಡುವಷ್ಟರಲ್ಲಿ ಮಾವ ಫೋನು ಇಟ್ಟಾಗಿತ್ತು.

ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ತುಂಬಿತ್ತು. "ಅಪ್ಪ ಕೇಳಲೇಬೇಕು ರೀ," ಎಂದಳು.

"ಗಿಟಾರ್ ಪೂರಾ ಒಣಗಿಹೋಗಿದೆ ಕಣೇ. ಮೊದಲು ನಲವತ್ತೈದಕ್ಕೆ ತರಬೇಕು. ಒಂದೇ ಸಲ ತಂದ್ರೆ ಊದ್ಕೊಂಡು ಹಾಳಾಗತ್ತೆ. ಮೆಲ್ಲಗೆ, ತುಂಬಾ ಮೆಲ್ಲಗೆ ತರಬೇಕು," ಎಂದ ಗಿಟಾರಪ್ಪ. ಮಾವ ಬಂದು ಹೋಗುವಷ್ಟು ಮೆಲ್ಲಗೆ ಎಂಬುದು ಅವನ ಲೆಕ್ಕಾಚಾರ.

"ಹವೆ ವಿಷಯ ನನಗೆ ಬಿಡಿ," ಎಂದು ಹೆಂಡತಿ ಸೆರಗು ಬಿಗಿದಳು. ಗಿಟಾರಪ್ಪ ಪೇಚಿಗೆ ಸಿಕ್ಕಿದ್ದು ಅಲ್ಲಿ. ಅವಳು ಒಂದು ಕೆಲಸವನ್ನು ಹಿಡಿದರೆ, ಅದು ಮುಗಿಯುವ ತನಕ ಅವಳೂ ಮಲಗುತ್ತಿರಲಿಲ್ಲ, ಕೆಲಸವನ್ನೂ ಮಲಗಲು ಬಿಡುತ್ತಿರಲಿಲ್ಲ.

ಅವಳು ಮೊದಲು ಹೋದದ್ದು ಕೆಳಗಿನ ಮನೆಯ ನರ್ಸಮ್ಮನ ಹತ್ತಿರ. ನರ್ಸಮ್ಮ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸು. ಆಕೆಯ ಗಂಡ ಇಲಾಖೆಯಲ್ಲಿದ್ದರೂ ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನರ್ಸಮ್ಮ ಬಂದವಳೇ ಪೆಟ್ಟಿಗೆ ತೆರೆಸಿ, ಗಿಟಾರಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಯಾವಾಗಿಂದ ಹೀಗಿದೆ?" ಎಂದು ಕೇಳಿದಳು.

"ಚಳಿ ಶುರುವಾದಾಗಿಂದ," ಎಂದ ಗಿಟಾರಪ್ಪ, ತನಗೇ ಏನೋ ರೋಗ ಬಂದವನ ಹಾಗೆ.

"ಮೊದಲೇ ಯಾಕೆ ಕರೀಲಿಲ್ಲ? ಎಲ್ಲರೂ ಹೀಗೇ. ಕೈ ಮೀರಿದ ಮೇಲೆ ಕರೀತೀರಿ." ನರ್ಸಮ್ಮ ಒಂದು ಸೋಪಿನ ಡಬ್ಬಿಗೆ ಕಾಯಿಸಿದ ಸೂಜಿಯಿಂದ ತೂತು ಕೊರೆದು, ಒದ್ದೆ ಮಾಡಿ ಹಿಂಡಿದ ಸ್ಪಂಜನ್ನು ಅದರಲ್ಲಿಟ್ಟು, ಗಿಟಾರಿನ ಕುತ್ತಿಗೆಯ ಕೆಳಗೆ ಜೋಪಾನವಾಗಿ ಇರಿಸಿದಳು. "ಮುಚ್ಚಿ. ಯಾರೂ ಮಾತಾಡಿಸ್ಬೇಡಿ" ಎಂದಳು.

ಮೇಲಿನ ಮನೆಯಲ್ಲಿ ಕ್ವಾರ್ಟರ್ಸ್ ಸಂಘದ ಕಾರ್ಯದರ್ಶಿ ಇದ್ದರು. ಕ್ವಾರ್ಟರ್ಸಿನಲ್ಲಿ ತಮಗೆ ತಿಳಿಸದೆ ಒಂದು ಸ್ಪಂಜು ಒದ್ದೆಯಾಯಿತು ಎಂಬುದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ತಕ್ಷಣ ಸಭೆ ಕರೆದರು. "ಕಲೆ ಅನ್ನೋದು ಒಬ್ಬರ ಆಸ್ತಿ ಅಲ್ಲ. ಗಿಟಾರಪ್ಪನವರ ಗಿಟಾರು ಒಣಗಿದರೆ ನಾವೆಲ್ಲ ಒಣಗಿದ ಹಾಗೆ," ಎಂದು ಭಾಷಣ ಮಾಡಿ, ಆ ಕಟ್ಟಡದಲ್ಲಿ ಯಾರೂ ಹೀಟರ್ ಹಾಕಬಾರದು, ಒಗೆದ ಬಟ್ಟೆಯನ್ನೆಲ್ಲ ಗಿಟಾರಪ್ಪನ ಮುಂದಿನ ಕೋಣೆಯಲ್ಲೇ ಒಣಗಿಸಬೇಕು ಎಂದು ನಿರ್ಣಯ ಮಾಡಿಸಿದರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದುದರಿಂದ ವಿರೋಧಿಸಬೇಕೆಂದಿದ್ದವರ ಮಾತು ಸ್ಪಷ್ಟವಾಗಿ ಹೊರಡಲಿಲ್ಲ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಮರುದಿನದಿಂದ ಗಿಟಾರಪ್ಪ ತನ್ನ ಮನೆಯ ಬಾಗಿಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಕಾರ್ಯದರ್ಶಿಗಳ ಪೈಜಾಮ, ನರ್ಸಮ್ಮನ ಹಾಸಿಗೆ ಹೊದಿಕೆ, ಗುರುತು ಸಿಗದ ಹತ್ತಾರು ಟವೆಲ್ಲುಗಳನ್ನು ಸರಿಸಿಕೊಂಡು ಬಗ್ಗಿ ನಡೆಯಬೇಕಾಯಿತು.

ತೇವ ಎಷ್ಟಾಯಿತು ಎಂದು ತಿಳಿಯುವುದು ಹೇಗೆ? ಹೆಂಡತಿ ಅದಕ್ಕೊಂದು ಮಾಪಕ ತಂದಳು. ಪೆಟ್ಟಿಗೆಯೊಳಗೆ ಇಡಲು ಬಟಾಣಿ ಗಾತ್ರದ ಗುಂಡು, ಹೊರಗೆ ಅಂಕಿ ತೋರಿಸುವ ಪುಟ್ಟ ಪರದೆ, ಎರಡರ ನಡುವೆ ಸಣ್ಣ ತಂತಿ. ಅದನ್ನು ನೋಡಿ ಎಲ್ಲರೂ ಖುಷಿಪಟ್ಟರು, ಇನ್‌ಸ್ಪೆಕ್ಟರ್ ಸಾಹೇಬರು ಬರುವ ತನಕ.

ಸಾಹೇಬರು ಗಿಟಾರಪ್ಪನ ಮೇಲಧಿಕಾರಿ. ಪ್ರಾಮಾಣಿಕರು. ಹೆಂಡತಿ ಒಂದು ಚಮಚ ಸಕ್ಕರೆ ಹಾಕಿದೆ ಅಂದರೆ ಯಾವ ಚಮಚ ಎಂದು ಕೇಳುವವರು. ಚಹಾಕ್ಕೆಂದು ಬಂದವರು ಪೈಜಾಮದ ಮರೆಯಿಂದ ಪರದೆಯನ್ನು ಕಂಡು, ಕಪ್ಪು ಕೆಳಗಿಟ್ಟರು.

"ಇದೇನಿದು?"

"ತೇವಾಂಶ ಅಳೆಯೋ ಮಾಪಕ ಸಾರ್."

"ಮಾಪಕ ಅಂದ್ರಿ."

"ಹೌದು ಸಾರ್."

"ಸೀಲ್ ಎಲ್ಲಿ?"

ಗಿಟಾರಪ್ಪ ಪರದೆಯನ್ನು ತಿರುಗಿಸಿ ಹಿಂಬದಿ ನೋಡಿದ. ಸಾಹೇಬರ ಕುತ್ತಿಗೆ ಕೆಂಪಾಯಿತು. "ಬೀದಿ ಬದಿಯಲ್ಲಿ ಟೊಮೆಟೊ ಮಾರೋ ಮುದುಕಿಯ ತಕ್ಕಡಿಗೂ ಸೀಲ್ ಇದೆ ಕಣ್ರೀ! ನಮ್ಮ ಇಲಾಖೆ ನೌಕರನ ಮನೇಲಿ, ಅದೂ ಮುಂದಿನ ಕೋಣೇಲಿ, ಸೀಲ್ ಇಲ್ಲದ ಮಾಪಕ! ಇವತ್ತು ಇದು ನಲವತ್ತು ಅನ್ನತ್ತೆ, ನಂಬ್ತೀರಿ. ನಾಳೆ ಇದು ನೀವೇ ಸಾಹೇಬರು ಅಂದ್ರೂ ನಂಬ್ತೀರಾ?"

ಮಾಪಕವನ್ನು ಕಚೇರಿಗೆ ಒಯ್ದರು. ಇಂಥ ಮಾಪಕದ ಪರೀಕ್ಷೆಗೆ ಒಂದು ಒಳ್ಳೆಯ ವಿಧಾನ ಇದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಉಪ್ಪಿನ ಜೊತೆ ಅದನ್ನು ಒಂದು ಹಗಲು ಒಂದು ರಾತ್ರಿ ಇಟ್ಟರೆ ಎಪ್ಪತ್ತೈದು ತೋರಿಸಬೇಕು. ಅಷ್ಟೂ ಹೊತ್ತು ಕಚೇರಿಯಲ್ಲಿ ಬೇರೆ ಕೆಲಸ ನಡೆಯಲಿಲ್ಲ. ತಕ್ಕಡಿ ಹೊತ್ತು ಬಂದಿದ್ದ ಅಂಗಡಿಯವರು ಬೆಂಚಿನ ಮೇಲೆ ಕೂತು ತೂಕಡಿಸಿದರು. ಮಾಪಕ ಎಪ್ಪತ್ತನಾಲ್ಕು ತೋರಿಸಿತು. ಸಾಹೇಬರು ಹಣೆ ಉಜ್ಜಿಕೊಂಡು, ನಿಯಮದ ಪುಸ್ತಕ ತಿರುವಿ, "ಒಂದರ ವ್ಯತ್ಯಾಸ ಕ್ಷಮಿಸಬಹುದು. ಆದರೆ ಇನ್ನು ಮುಂದೆ ಎಚ್ಚರದಿಂದ ಇರಲಿ," ಎಂದು ಮಾಪಕಕ್ಕೇ ಹೇಳಿ ಸೀಲು ಹಾಕಿದರು.

ಇಷ್ಟಕ್ಕೇ ನಿಂತಿದ್ದರೆ ಗಿಟಾರಪ್ಪ ಹೇಗೋ ನುಣುಚಿಕೊಳ್ಳುತ್ತಿದ್ದನೇನೋ. ಆದರೆ ಒಂದು ಬೆಳಿಗ್ಗೆ ಅಂಕಿ ಇದ್ದಕ್ಕಿದ್ದಂತೆ ಐವತ್ತೆರಡಕ್ಕೆ ಹಾರಿತ್ತು.

"ಸ್ಪಂಜ್ ಹಿಂಡದೆ ಇಟ್ಟಿದಾರೆ. ರೋಗಿ ಬಾಯಿಗೆ ಬಿಂದಿಗೆ ಸುರಿದ ಹಾಗೆ!" ಎಂದು ನರ್ಸಮ್ಮ ಕಾರ್ಯದರ್ಶಿಗಳತ್ತ ನೋಡಿದಳು.

"ನಾನು ಯಾಕೆ ಮುಟ್ಟಲಿ? ನೀರಿಗೆ ಸಂಬಂಧಪಟ್ಟದ್ದೆಲ್ಲ ಕೆಳಗಿನ ಮನೇದು," ಎಂದರು ಕಾರ್ಯದರ್ಶಿ.

"ಅಂದ್ರೆ ನಾನು ಮಾಡಿದೆ ಅಂತಾನಾ?"

"ಹೆಸರು ಹೇಳಿದ್ನಾ? ನಾನು ಮನೆ ಹೇಳಿದೆ!"

ಜಗಳ ಬಿಡಿಸಲು ಬಂದ ಸಾಹೇಬರು ಇಬ್ಬರ ಮಾತನ್ನೂ ಕೇಳಿ, ಇಬ್ಬರನ್ನೂ ನಂಬದೆ, ಪೆಟ್ಟಿಗೆಯ ಎರಡು ಚಿಲಕಗಳಿಗೂ ತಂತಿ ಪೋಣಿಸಿ ಸೀಸದ ಸೀಲು ಒತ್ತಿಬಿಟ್ಟರು. ಇನ್ನು ಮೇಲೆ ಪ್ರತಿ ಸೋಮವಾರ ಸಾಹೇಬರ ಎದುರಿಗೆ ಸೀಲು ತೆಗೆದು, ಸ್ಪಂಜನ್ನು ಅದ್ದಿ ಹಿಂಡಿ, ಇಬ್ಬರು ಸಾಕ್ಷಿಗಳು ನೋಡಿ, ಮತ್ತೆ ಸೀಲು ಹಾಕತಕ್ಕದ್ದು ಎಂದಾಯಿತು. ಗಿಟಾರಪ್ಪ ಮೇಲ್ನೋಟಕ್ಕೆ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಹಿಗ್ಗಿದ. ಸೀಲು ಬಿದ್ದ ಗಿಟಾರನ್ನು ಬಾರಿಸು ಎಂದು ಯಾವ ಮಾವ ತಾನೇ ಹೇಳಿಯಾರು!

ಆ ಹಿಗ್ಗು ಹೆಚ್ಚು ಕಾಲ ಬಾಳಲಿಲ್ಲ. ಒಂದು ಸಂಜೆ ಕಚೇರಿಯಿಂದ ಬಂದಾಗ ಹೆಂಡತಿ ಪೆಟ್ಟಿಗೆಯ ಪಕ್ಕದಲ್ಲಿ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದಳು. ಹೀಟರ್ ಇಲ್ಲದೆ ಮೂಗು ಕೆಂಪಾಗಿತ್ತು. ಒದ್ದೆ ಟವೆಲ್ಲುಗಳನ್ನು ಹಿಂಡಿ ಹಿಂಡಿ ಬೆರಳ ಸಂದಿ ಬಿರಿದಿತ್ತು. "ನಲವತ್ತಮೂರು ರೀ. ಇನ್ನೆರಡೇ," ಎಂದು ನಕ್ಕಳು. ಮರ ಬಿರಿಯಬಾರದೆಂದು ಅವಳ ಕೈ ಬಿರಿದಿತ್ತು. ಗಿಟಾರಪ್ಪನಿಗೆ ಮೊಟ್ಟಮೊದಲ ಬಾರಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಚಹಾ ಕುಡಿಯದೆ ಎದ್ದು, ಗಿಟಾರ್ ಕೊಂಡಿದ್ದ ಅಂಗಡಿಗೆ ನೇರ ನಡೆದ.

"ಒಂದು ಧಾಟಿ ಕಲೀಬೇಕು. ಒಂದೇ ಸಾಕು," ಎಂದ.

"ಯಾವ ಧಾಟಿ ಸಾರ್?"

ಅದರ ಹೆಸರು ಅವನಿಗೆ ಗೊತ್ತಿರಲಿಲ್ಲ. ಹೆಂಡತಿ ಕೆಲಸ ಮಾಡುವಾಗ ಗುನುಗುತ್ತಿದ್ದದ್ದನ್ನು ತಾನೂ ಗುನುಗಿ ತೋರಿಸಿದ. ಅಂಗಡಿಯವನಿಗೆ ಅದನ್ನು ಗಿಟಾರಿನ ಮೇಲೆ ಹುಡುಕಿ ಹಿಡಿಯಲು ಸಾಕಷ್ಟು ಹೊತ್ತಾಯಿತು. ಅಂದಿನಿಂದ ಊಟದ ಬಿಡುವಿನಲ್ಲಿ ಗಿಟಾರಪ್ಪ ಊಟ ಬಿಟ್ಟು ಅಂಗಡಿಗೆ ಓಡತೊಡಗಿದ. ಅಷ್ಟು ವರ್ಷ ಜೋಪಾನ ಮಾಡಿದ ಬಲಗೈ ಉಗುರುಗಳಲ್ಲಿ ಎರಡು ಮೊದಲ ವಾರವೇ ಮುರಿದವು. ಎಡಗೈ ಬೆರಳ ತುದಿ ಮೊದಲು ಉರಿಯಿತು, ಆಮೇಲೆ ಸಿಪ್ಪೆ ಎದ್ದಿತು, ಆಮೇಲೆ ಗಟ್ಟಿಯಾಯಿತು.

"ನಿಮ್ಮ ಬೆರಳು ಇಕ್ಕಳ ಒತ್ತೋಕೆ ಹುಟ್ಟಿದ್ದು ಸಾರ್. ತಂತಿ ಕಿರುಚ್ತಾ ಇದೆ," ಎಂದು ಅಂಗಡಿಯವನು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಆದರೂ ತಿಂಗಳು ಮುಗಿಯುವ ಹೊತ್ತಿಗೆ ಧಾಟಿ ಮೊದಲಿನಿಂದ ಕೊನೆಯವರೆಗೆ, ಕುಂಟುತ್ತ ತೆವಳುತ್ತ, ಬಂದೇ ಬಂತು. ಅಂಗಡಿಯವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ನೆಮ್ಮದಿಯಾಯಿತು.

ಗಿಟಾರಪ್ಪ ಅಲ್ಲಿ ಬೆರಳು ಸವೆಸುತ್ತಿದ್ದಾಗ ಇತ್ತ ಕ್ವಾರ್ಟರ್ಸಿನಲ್ಲಿ ಪೆಟ್ಟಿಗೆಯ ಕೀರ್ತಿ ಬೆಳೆಯುತ್ತಿತ್ತು. ಅಂಕಿ ನಲವತ್ತೈದು ಮುಟ್ಟಿ ಅಲ್ಲೇ ಕದಲದೆ ನಿಂತಿತು. ಬೇರೆ ಕಟ್ಟಡದವರು ಬೆಳಿಗ್ಗೆ ವಾಕಿಂಗಿಗೆ ಹೊರಟವರು ಒಳಗೆ ಬಂದು ಪರದೆ ನೋಡಿ ಹೋಗತೊಡಗಿದರು. ಪಕ್ಕದ ವಲಯದ ಇನ್‌ಸ್ಪೆಕ್ಟರರೊಬ್ಬರು ಜೀಪು ಮಾಡಿಕೊಂಡು ಬಂದು, "ಇಷ್ಟು ಸ್ಥಿರವಾದ ಅಂಕಿ ನನ್ನ ಸರ್ವೀಸಿನಲ್ಲೇ ನೋಡಿರ್ಲಿಲ್ಲ," ಎಂದು ಸಾಹೇಬರ ಕೈ ಕುಲುಕಿದರು. ಕೈ ಕುಲುಕಿಸಿಕೊಂಡ ಸಾಹೇಬರ ಎದೆ ಎರಡಿಂಚು ಉಬ್ಬಿತು. ಕಾರ್ಯದರ್ಶಿ ಮೊದಲ ಸಭೆಯಲ್ಲಿ "ಗಿಟಾರ್ ವಾದನ" ಎಂದು ಸಾರಿದ್ದ, ಮಾವ ಬರುವ ಭಾನುವಾರದ ಕಾರ್ಯಕ್ರಮ, ಎರಡನೆಯ ಸಭೆಯಲ್ಲಿ "ಗಿಟಾರ್ ಸಂರಕ್ಷಣೆ ಮತ್ತು ವಾದನ" ಆಯಿತು. ಮೂರನೆಯ ಸಭೆಯ ಹೊತ್ತಿಗೆ "ವಾದನ" ಬಿದ್ದುಹೋಗಿತ್ತು. ಬಿದ್ದುಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಭಾನುವಾರ ಬಂತು. ಮಾವ ಬಂದರು. ಕಿವಿಗೆ ಹೊಸ ಯಂತ್ರ ಹಾಕಿಸಿಕೊಂಡು, ಅಳಿಯನಿಗೆ ತೀರ ಹತ್ತಿರದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಮೇಜಿನ ಮೇಲೆ ಸೀಲು ಬಿದ್ದ ಪೆಟ್ಟಿಗೆ ಮಲಗಿತ್ತು. ಕಾರ್ಯದರ್ಶಿ ಸ್ವಾಗತ ಭಾಷಣ ಮಾಡಿದರು. ನರ್ಸಮ್ಮ ಬೇರೊಂದು ಸ್ಪಂಜು ಹಿಡಿದು ಹಿಂಡುವ ಸರಿಯಾದ ರೀತಿಯನ್ನು ಮಾಡಿ ತೋರಿಸಿದಳು. ಸಾಹೇಬರು ಎದ್ದು, ಕನ್ನಡಕ ಒರೆಸಿ, ಪರದೆಯ ಹತ್ತಿರ ಬಗ್ಗಿ, "ನಲವತ್ತೈದು!" ಎಂದು ಘೋಷಿಸಿದರು. ಚಪ್ಪಾಳೆ ಕಿವಿಗಡಚಿಕ್ಕಿತು. ಮಾವ ಕಿವಿಯ ಯಂತ್ರವನ್ನು ತಟ್ಟಿ, "ಇದೇ ಏನು ಗಿಟಾರು?" ಎಂದು ಮಗಳನ್ನು ಕೇಳಿದರು.

ಜನ ಚಹಾಕ್ಕೆ ಎದ್ದರು. ಆಗ ಗಿಟಾರಪ್ಪ, "ಈಗ ನಾನು ಬಾರಿಸ್ತೀನಿ," ಎಂದ.

ಎದ್ದವರೆಲ್ಲ ತಿರುಗಿ ನೋಡಿದರು.

"ಏನು ಬಾರಿಸ್ತೀರಿ?" ಎಂದರು ಸಾಹೇಬರು.

"ಗಿಟಾರ್ ಸಾರ್."

"ಯಾವ ಗಿಟಾರ್?"

ಗಿಟಾರಪ್ಪ ಪೆಟ್ಟಿಗೆ ತೋರಿಸಿದ. ಸಾಹೇಬರು ಸೀಲನ್ನು ತೋರಿಸಿದರು. "ಇವತ್ತು ಭಾನುವಾರ. ಸೋಮವಾರ ಬಿಟ್ಟು ಬೇರೆ ದಿನ ಸೀಲ್ ಮುಟ್ಟೋ ಹಾಗಿಲ್ಲ. ಸೋಮವಾರ ಕೂಡ ಸ್ಪಂಜಿಗೆ ಮಾತ್ರ ಅನುಮತಿ, ಗಿಟಾರಿಗಿಲ್ಲ."

"ಬಿಸಿಬಿಸಿ ಚಹಾದ ಹಬೆ, ಇಷ್ಟೊಂದು ಜನರ ಉಸಿರು, ಇದರ ಮಧ್ಯೆ ಅದನ್ನ ಹೊರಗೆ ತೆಗೀತೀರಾ? ಐಸಿಯುನಿಂದ ಎಬ್ಬಿಸಿ ಮೆರವಣಿಗೆ ಮಾಡಿಸ್ತೀರಾ?" ಎಂದು ನರ್ಸಮ್ಮ ಸೊಂಟಕ್ಕೆ ಕೈ ಕೊಟ್ಟಳು.

"ಇಡೀ ಚಳಿಗಾಲ ಹೀಟರ್ ಇಲ್ಲದೆ ನಡುಗಿದೀವಿ ಗಿಟಾರಪ್ಪನವರೇ. ನಮ್ಮ ತ್ಯಾಗಕ್ಕೆ ಬೆಲೆ ಬೇಡ್ವಾ?" ಎಂದರು ಕಾರ್ಯದರ್ಶಿ, ಗದ್ಗದಿತರಾಗಿ.

ಗಿಟಾರಪ್ಪ ಹೆಂಡತಿಯತ್ತ ತಿರುಗಿದ. ಅವಳು ಮೆಲ್ಲಗೆ ಅವನ ತೋಳು ಹಿಡಿದು, "ಬೇಡ ರೀ. ಅಪ್ಪನಿಗೋಸ್ಕರ, ನನಗೋಸ್ಕರ ಅಂತ ಅದನ್ನ ಹಾಳು ಮಾಡ್ಕೋಬೇಡಿ. ನೀವು ಎಷ್ಟು ಸಂಕಟಪಡ್ತೀರಿ ಅಂತ ನನಗೆ ಗೊತ್ತು," ಎಂದಳು.

ಇನ್ನು ತಡೆಯಲಾಗಲಿಲ್ಲ. "ನಿನಗೆ ಗೊತ್ತಿಲ್ಲ ಕಣೇ!" ಎಂದು ಅವನು ಹೆಚ್ಚು ಕಡಿಮೆ ಕಿರುಚಿದ. "ಯಾರಿಗೂ ಗೊತ್ತಿಲ್ಲ. ಹವೆದೇನೂ ತಪ್ಪಿಲ್ಲ. ನನಗೆ ಗಿಟಾರ್ ಬಾರಿಸೋಕೆ ಬರ್ತಾ ಇರ್ಲಿಲ್ಲ! ಒಂದು ದಿನಾನೂ ಬರ್ತಾ ಇರ್ಲಿಲ್ಲ! ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು. ಮಳೆ ಸುಳ್ಳು, ಚಳಿ ಸುಳ್ಳು, ಉಳುಕಿದ ಬೆರಳೂ ಸುಳ್ಳು!"

ಕಾರ್ಯದರ್ಶಿ ಕಣ್ಣೊರೆಸಿಕೊಂಡರು.

"ಕೇಳಿದ್ರಾ? ಎಂಥ ವಿನಯ! ದೊಡ್ಡ ಕಲಾವಿದರು ಹೀಗೇ. ಬರಲ್ಲ ಅಂತಾರೆ."

"ನಮ್ಮ ಮನಸ್ಸಿಗೆ ಬೇಜಾರಾಗ್ಬಾರ್ದು ಅಂತ ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು," ಎಂದಳು ನರ್ಸಮ್ಮ.

"ನನ್ನ ಕೈಕೆಳಗೆ ಇಂಥ ಮನುಷ್ಯ ಇದಾನೆ ಅಂತ ಗೊತ್ತೇ ಇರ್ಲಿಲ್ಲ," ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. ಮತ್ತೊಮ್ಮೆ ಚಪ್ಪಾಳೆ ಬಿತ್ತು. ಗಿಟಾರಪ್ಪ ಕಕ್ಕಾಬಿಕ್ಕಿಯಾಗಿ, "ನಿಜವಾಗ್ಲೂ ಸುಳ್ಳು! ಆಣೆಗೂ ಸುಳ್ಳು!" ಎಂದು ಕೂಗಿದಷ್ಟೂ ಅದು ಜೋರಾಯಿತು. ಅವನ ಸುಳ್ಳನ್ನು ಇಷ್ಟು ವರ್ಷ ಕಣ್ಣು ಮುಚ್ಚಿ ನಂಬಿದ್ದ ಜನಕ್ಕೆ ಅವನ ನಿಜವನ್ನು ನಂಬುವ ಅಭ್ಯಾಸವೇ ಇರಲಿಲ್ಲ.

ಚಪ್ಪಾಳೆ ತಟ್ಟದೆ ನಿಂತಿದ್ದವಳು ಹೆಂಡತಿ ಒಬ್ಬಳೇ.

"ನಿಜವಾ?" ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ.

"ನಿಜ."

"ನಮ್ಮ ಮನೇಲಿ, ಅಪ್ಪನ ಎದುರಿಗೆ ಹೇಳಿದ್ರಲ್ಲ, ಅವತ್ತಿಂದಾನಾ?"

"ಅವತ್ತಿಂದಾನೇ. ನೀನು ಗುನುಗ್ತಾ ಇದ್ದೆ. ಬಾ‌ಯಿಗೆ ಬಂದುಬಿಡ್ತು."

ಅವಳು ತಿರುಗಿ ಅಡುಗೆಮನೆಗೆ ಹೋದಳು. ಬಿಸ್ಕತ್ತು ತರುತ್ತಾಳೆ ಎಂದು ಜನ ದಾರಿ ಬಿಟ್ಟರು. ವಾಪಸ್ಸು ಬಂದಾಗ ಕೈಯಲ್ಲಿ ಕತ್ತರಿ ಇತ್ತು. ಸಾಹೇಬರು ತಮಗರಿವಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದರು. ಕಟ್ ಎಂದು ಒಂದು ತಂತಿ, ಕಟ್ ಎಂದು ಇನ್ನೊಂದು. ಸೀಸದ ಗುಂಡುಗಳು ನೆಲಕ್ಕೆ ಬಿದ್ದು ಉರುಳಿದವು.

"ಸೀಲ್ ಮುರಿದ್ರು!" ಎಂದು ಸಾಹೇಬರು ಚೀರಿದರು.

"ಮುರೀಲಿಲ್ಲ, ಕತ್ತರಿಸಿದೆ," ಎಂದವಳೇ ಗಂಡನ ಕಡೆ ತಿರುಗಿ, "ಬಾರಿಸಿ," ಎಂದಳು. ಆ ಒಂದು ಪದಕ್ಕೆ ಇಲಾಖೆಯ ಯಾವ ಆದೇಶಕ್ಕೂ ಇಲ್ಲದ ತೂಕವಿತ್ತು.

ಗಿಟಾರಪ್ಪ ಪೆಟ್ಟಿಗೆಯಿಂದ ಗಿಟಾರ್ ತೆಗೆದು, ತಂತಿಗಳನ್ನು ಬಿಗಿ ಮಾಡಿ ಬಾರಿಸಿದ. ಎರಡು ಕಡೆ ತಪ್ಪಿದ, ಒಂದು ಕಡೆ ನಿಂತೇಬಿಟ್ಟ, ಮತ್ತೆ ಹಿಂದಕ್ಕೆ ಹೋಗಿ ದಾರಿ ಹಿಡಿದ. ಆದರೆ ಧಾಟಿ ಯಾವುದೆಂದು ಗುರುತು ಸಿಗುತ್ತಿತ್ತು. ಕೇಳುತ್ತಾ ಕೇಳುತ್ತಾ ಅವಳಿಗೆ ಗುರುತು ಸಿಕ್ಕಿತು. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಕತ್ತರಿ ಹಿಡಿದೇ ನಿಂತಿದ್ದಳು. ವರ್ಷಗಟ್ಟಲೆ ಹೆದರಿದ್ದ ಆ ಮುಖವನ್ನು ಗಿಟಾರಪ್ಪ ನೋಡಿದ. ಬಾರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಸಭೆಯ ತೀರ್ಪು ಒಂದೇ ಬಾಯಲ್ಲಿ ಬಂತು.

"ನೋಡಿದ್ರಾ? ಸೀಲ್ ಒಡೆದ ತಕ್ಷಣ ಸ್ವರ ಕೆಟ್ಟಿತು. ಮೂವತ್ತೆಂಟಕ್ಕೆ ಇಳಿದಿದೆ," ಎಂದರು ಸಾಹೇಬರು ಪರದೆ ತೋರಿಸುತ್ತಾ.

ಮಾವ ಎದ್ದು ಅಳಿಯನ ಕೈ ಹಿಡಿದುಕೊಂಡರು. "ಡಾಕ್ಟರು ಹೇಳಿದ್ದು ಸರಿ ಅಳಿಯಂದಿರೇ. ನನ್ನ ಕಿವಿ ಪೂರಾ ಹೋಗಿದೆ. ನೀವು ಇಷ್ಟು ಚೆನ್ನಾಗಿ ಬಾರಿಸ್ತಿದ್ರೂ ನನಗೆ ಅಡ್ಡಾದಿಡ್ಡಿ ಕೇಳಿಸ್ತಿದೆ."

ಮಾವ ಊರಿಗೆ ಹೋದರು. ಹೆಂಡತಿ ಒಂದಷ್ಟು ದಿನ ಗಂಡನ ಜೊತೆ ಮಾತಾಡಲಿಲ್ಲ. ಆದರೆ ಸಂಜೆ ಅವನು ಕಚೇರಿಯಿಂದ ಬಂದ ತಕ್ಷಣ ಪೆಟ್ಟಿಗೆ ತೆರೆದು, ಗಿಟಾರ್ ಅವನ ತೊಡೆಯ ಮೇಲಿಟ್ಟು, ಎದುರಿಗೆ ತರಕಾರಿ ಹೆಚ್ಚುತ್ತಾ ಕೂತುಬಿಡುತ್ತಿದ್ದಳು. ಊಟದ ತಟ್ಟೆ ಬರಬೇಕಾದರೆ ಧಾಟಿ ಮುಗಿಯಬೇಕು, ತಪ್ಪಿದರೆ ಮೊದಲಿನಿಂದ. ಬಾರಿಸಿ ಆದ ಮೇಲೆ ಸ್ಪಂಜನ್ನು ಒದ್ದೆ ಮಾಡಿ, ಗಿಟಾರನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದನ್ನೂ ಅವಳು ಮರೆಯಲಿಲ್ಲ. ಅವಳಿಗೆ ಸಿಟ್ಟು ಇದ್ದದ್ದು ಗಂಡನ ಮೇಲೆ, ಮರದ ಮೇಲಲ್ಲ.

ಆ ಒಂದೇ ಧಾಟಿ, ಆ ಒಂದೇ ಜಾಗದಲ್ಲಿ ಎಡವಿ, ದಿನಾ ಸಂಜೆ ಕ್ವಾರ್ಟರ್ಸಿನ ಗೋಡೆಗಳನ್ನೆಲ್ಲ ಹಾದು ಹೋಗತೊಡಗಿತು. ಕಾರ್ಯದರ್ಶಿ ಕಿಟಕಿ ಮುಚ್ಚಿ ನೋಡಿದರು. ನರ್ಸಮ್ಮ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡಳು. ಕಡೆಗೊಂದು ಸಂಜೆ ಇಡೀ ಕಟ್ಟಡ ಗಿಟಾರಪ್ಪನ ಬಾಗಿಲಿಗೆ ಬಂದು ನಿಂತಿತು. ಎಲ್ಲರ ಮುಂದೆ ಸಾಹೇಬರು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ತಂತಿ ಮತ್ತು ಸೀಸದ ಗುಂಡು.

"ತಾಯೀ, ಹೋದ ಸಲದ್ದು ಹೋಯ್ತು, ಮರೆತುಬಿಡೋಣ," ಎಂದರು ಸಾಹೇಬರು ದನಿ ತಗ್ಗಿಸಿ. "ಪೆಟ್ಟಿಗೆಗೆ ಹೊಸ ಸೀಲ್ ಹಾಕ್ಕೊಡ್ತೀವಿ. ಶಾಶ್ವತವಾಗಿ. ಹೀಟರ್ ಕೂಡ ಹಾಕಲ್ಲ. ಎಷ್ಟು ಚಳಿ ಆದ್ರೂ ನಾವು ತಡ್ಕೋತೀವಿ."

ಒಳಗೆ ಗಿಟಾರಪ್ಪನ ಕೈ ಗಕ್ಕನೆ ನಿಂತಿತು. ಹೆಂಡತಿ ಸಾಹೇಬರ ಇಕ್ಕಳ ನೋಡಿದಳು, ಗುಂಡು ನೋಡಿದಳು, ತಿರುಗಿ ಗಂಡನನ್ನು ನೋಡಿದಳು.

"ಸೀಲ್ ಹಾಕಲೇಬೇಕು ಅಂದ್ರೆ ಬನ್ನಿ ಸಾರ್, ಇವರ ಬಾಯಿಗೆ ಹಾಕಿ," ಎಂದಳು. "ಕೈ ಒಂದು ಬಿಟ್ಟುಬಿಡಿ. ಅದು ಈಗಷ್ಟೇ ನಿಜ ಹೇಳೋಕೆ ಕಲೀತಿದೆ."

ಬಾಗಿಲು ಮುಚ್ಚಿತು. ಒಳಗಿನಿಂದ ಧಾಟಿ ಮತ್ತೆ ಮೊದಲಿನಿಂದ ಶುರುವಾಯಿತು.